ದಾವೋ ಹೇಳಲು ಅಲ್ಫರೆಟಾಕ್ಕೆ

ಶುಕ್ರವಾರ ಬೆಳಿಗ್ಗೆ ಆರಕ್ಕೆ ವರ್ಜಿನಿಯಾದ ಶ್ಯಾಂಟಿಲಿಯ ನಮ್ಮ ಮನೆ ಬಿಟ್ಟೆವು. ಅಟ್ಲಾಂಟಾ ಹತ್ತಿರದ ಅಲ್ಫರೆಟಾಕ್ಕೆ ಆರುನೂರು ಮೈಲಿಗೂ ಮಿಕ್ಕಿದ ದಾರಿ. ಅಲ್ಲಿ ಕನ್ನಡದವರೊಬ್ಬರ ಮನೆಯಲ್ಲಿ ಶನಿವಾರ ನಮ್ಮ ಯಜಮಾನರು ಚೀನಾದ ದಾವೋ ತತ್ತ್ವದ ಬಗ್ಗೆ ಮಾತಾಡಬೇಕಿತ್ತು. ಅವರ ಹೊಟ್ಟೆಯಿಂದ ಪರೀಕ್ಷೆಗೆಂದು ತೆಗೆದ ಮಾಂಸದ ಚೂರಿನ ರಿಪೋರ್ಟ್ ಸೋಮವಾರ ಬರುತ್ತದೆ ಎಂದು ಅವರೇ ಹೇಳಿದ್ದರು. ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಯದೆ ಈ ತಿರುಗಾಟ ಬೇಕೇ ಎಂದು ನಾನು ಜಗಳ ತೆಗೆದಿದ್ದೆ.

"ಮನೇಲಿದ್ರೆ ಸೋಮವಾರ ಬೇಗ ಬಂದ್ಬಿಡುತ್ತಾ?" ಎಂದಿದ್ದರು.

ನಮ್ಮವರು ಪೆಥಾಲಜಿಸ್ಟ್. ಮೂವತ್ತು ವರ್ಷ ಊರವರ ಚೂರುಗಳನ್ನೆಲ್ಲ ಮೈಕ್ರೋಸ್ಕೋಪಿನಲ್ಲಿ ನೋಡಿ ತೀರ್ಪು ಕೊಟ್ಟವರು. ಅಂಥವರು ತಮ್ಮದಕ್ಕೆ ಮಾತ್ರ ಹೀಗೆ ಕೈಕಟ್ಟಿ ಕುಳಿತದ್ದು ನನಗೆ ಸಹಿಸಲಾಗಲಿಲ್ಲ.

ರಿಚ್ಮಂಡ್ ದಾಟುವವರೆಗೂ ಮಳೆ ಹೊಡೆಯಿತು. ಡರ್ಹಮ್ ಹತ್ತಿರ ಕಾರಿನಲ್ಲೇ ಚಪಾತಿ, ಚಟ್ನಿಪುಡಿ ತಿಂದೆವು. ಅವರು ಅರ್ಧ ಚಪಾತಿ ಹಾಗೇ ಸುತ್ತಿಟ್ಟರು. ಬೆಲ್ಟಿಗೆ ಹೊಸ ತೂತು ಹಾಕಿಕೊಂಡಿದ್ದು ಆಗ ಕಣ್ಣಿಗೆ ಬಿತ್ತು. ಷಾರ್ಲಟ್‌ನಲ್ಲಿ ನಲವತ್ತೆರಡು ಡಾಲರಿನ ಮೋಟೆಲ್‌ನಲ್ಲಿ ಉಳಿದೆವು. ಮರುದಿನ ಸೌತ್ ಕೆರೊಲಿನಾದಲ್ಲಿ ಪೀಚ್ ಹಣ್ಣಿನ ಆಕಾರದ ದೊಡ್ಡ ನೀರಿನ ಟ್ಯಾಂಕ್ ಕಂಡು ಅವರು ಮಗುವಿನಂತೆ ಕೈ ತೋರಿಸಿದರು. ಹಾಳಾಗಲಿ ಆ ಪೀಚು, ನನ್ನ ತಲೆಯಲ್ಲಿ ಸೋಮವಾರ ಕೂತಿತ್ತು.

ಅಲ್ಫರೆಟಾದ ಆ ಮನೆಯ ಬೇಸ್‌ಮೆಂಟಿನಲ್ಲಿ ಮೂವತ್ತು ಜನ ಸೇರಿದ್ದರು. ಬಿಸಿಬೇಳೆಭಾತ್ ಉಂಡ ಮೇಲೆ ಇವರು ಎದ್ದು ನಿಂತರು.

"ಇರೋದು ಇಲ್ಲದ್ದರಿಂದ ಹುಟ್ಟುತ್ತೆ, ಮತ್ತೆ ಅದರಲ್ಲೇ ಸೇರುತ್ತೆ. ನಡುವೆ ಸ್ವಲ್ಪ ದಿನ ನಾವು ಒಂದು ಆಕಾರ ತಗೊಂಡಿರ್ತೀವಿ, ಅಷ್ಟೆ. ಅದನ್ನ ಹಿಡಿದು ಎಳೆದಾಡಬಾರದು ಅಂತಾರೆ ದಾವೋದವರು."

ಎಲ್ಲರೂ ತಲೆದೂಗಿದರು. ಇಲ್ಲೇ ಹುಟ್ಟಿ ಬೆಳೆದ ಒಬ್ಬ ಹುಡುಗಿ ಮಾತ್ರ ಕೈ ಎತ್ತಿದಳು. "ಅಂಕಲ್, ಸೋ... ಸತ್ರೆ ಇಟ್ಸ್ ಓಕೆ?"

ನಮ್ಮವರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. "ಅಷ್ಟು ನಾನಿನ್ನೂ ಓದಿಲ್ಲಮ್ಮ" ಎಂದರು. ಜನ ವಿನಯವೆಂದುಕೊಂಡು ಚಪ್ಪಾಳೆ ತಟ್ಟಿದರು. ನನಗೆ ಕೈ ಮೇಲೇಳಲಿಲ್ಲ.

ಭಾನುವಾರ ಹೊರಟು ಗ್ರೀನ್ಸ್‌ಬರೋದಲ್ಲಿ ತಂಗಿದೆವು. ಸೋಮವಾರ ಒಂಬತ್ತರ ಹೊತ್ತಿಗೆ ವರ್ಜಿನಿಯಾ ಗಡಿ ದಾಟಿದ ಕೂಡಲೇ ಸಿಗುವ ಹೆದ್ದಾರಿ ಬದಿಯ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಲು ಹೇಳಿದೆ. ಅಲ್ಲಿನ ಕಾಯಿನ್ ಫೋನಿನಿಂದ ಆಸ್ಪತ್ರೆಗೆ ಮಾತಾಡಲು ಚಿಲ್ಲರೆ ಹಿಡಿದು ಇಳಿಯುತ್ತಿದ್ದಾಗ ಅವರು ನನ್ನ ಕೈ ಹಿಡಿದರು.

"ಬೇಡ ಕಮಲಾ. ರಿಪೋರ್ಟ್ ಗುರುವಾರಾನೇ ಆಗಿದೆ."

"ಯಾರು ಕೊಟ್ರು?"

"ನಾನೇ."

ಆಗ ಎಲ್ಲ ಹೇಳಿದರು. ಮೊದಲು ಚೂರಿನ ಗಾಜಿನ ಸ್ಲೈಡು, ಆಮೇಲೆ ಹೆಸರಿನ ಚೀಟಿ. ಇದು ಅವರ ಕೆಲಸದ ಪದ್ಧತಿ. ಹೆಸರು, ವಯಸ್ಸು ಮೊದಲೇ ನೋಡಿದರೆ ಮನಸ್ಸು ವಾಲುತ್ತದೆ ಎಂದು ಕಿರಿಯರಿಗೂ ಹಾಗೇ ಕಲಿಸಿದ್ದರು. ಬೇರೆಯವರು ನೋಡಬೇಕಾಗಿದ್ದ ಆ ಸ್ಲೈಡನ್ನು ಲ್ಯಾಬಿನಲ್ಲಿ ಯಾರೋ ತಪ್ಪಿ ಇವರ ಟ್ರೇಗೆ ಹಾಕಿದ್ದಾರೆ. ಇವರು ಎಂದಿನಂತೆ ನೋಡಿ, ಕ್ಯಾನ್ಸರ್, ಅನುಮಾನವೇ ಇಲ್ಲ ಎಂದು ಟೈಪಿಸ್ಟಿಗಾಗಿ ರೆಕಾರ್ಡರಿನಲ್ಲಿ ವರದಿ ಹೇಳಿ ಮುಗಿಸಿದ್ದಾರೆ. ಆಮೇಲೆ ಚೀಟಿ ತಿರುಗಿಸಿದರೆ ತಮ್ಮದೇ ಹೆಸರು.

"ನಾಲ್ಕು ದಿನ ಒಬ್ರೇ ಇಟ್ಕೊಂಡಿದ್ರಾ?" ನಾನು ಕೂಗಿದ ರಭಸಕ್ಕೆ ಪಕ್ಕದ ಟ್ರಕ್ಕಿನವನು ತಿರುಗಿ ನೋಡಿದ.

"ನಿನಗಾದ್ರೂ ನಾಲ್ಕು ದಿನ ಸಿಗ್ಲಿ ಅಂತ..."

"ನಾನೇನು ಸುಖವಾಗಿದ್ನಾ ಆ ನಾಲ್ಕು ದಿನ? ಅಲ್ಲಿ ನಿಂತು ಅಷ್ಟೆಲ್ಲ ಹೇಳಿದ್ರಲ್ಲ, ಅದೆಲ್ಲ ಸುಳ್ಳಾ?"

"ಸುಳ್ಳಲ್ಲ ಕಣೆ. ನಿಜ ಅಂತಾನೇ ಅನ್ಸುತ್ತೆ." ಸ್ಟಿಯರಿಂಗನ್ನೇ ನೋಡುತ್ತಿದ್ದರು. "ಆದ್ರೂ ನಂಗೆ ತುಂಬಾ ಭಯ ಆಗ್ತಿದೆ."

ಮದುವೆಯಾದಾಗಿನಿಂದ ಅವರ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಅವರನ್ನು ನನ್ನ ಸೀಟಿನಲ್ಲಿ ಕೂರಿಸಿ ಕಾರಿನ ಬೀಗದ ಕೈ ತೆಗೆದುಕೊಂಡೆ. ಮನೆಗೆ ಇನ್ನೂ ನೂರೆಂಬತ್ತು ಮೈಲಿ ಇತ್ತು. ಹಿಂದಿನವರು ಹಾರನ್ ಹೊಡೆದು ದಾಟಿ ಹೋಗುತ್ತಿದ್ದರು. ನಾನು ಬೇಕೆಂದೇ ಐವತ್ತು ಮೈಲಿಯ ಮೇಲೆ ಹೋಗಲಿಲ್ಲ.