ಎಮಿಲನ ಮೂರನೆಯ ಆಟ

ನನ್ನ ತಮ್ಮ ಎಮಿಲ್ ಹ್ರುಷ್ಕಾ ಬೇಸ್‌ಬಾಲಿನ ದೊಡ್ಡ ಲೀಗಿನಲ್ಲಿ ಆಡಿದ್ದು ಮೂರೇ ಆಟ. ಕೈ ಹಿಡಿತದಲ್ಲಿಲ್ಲದ ಪಿಚರ್, ಎಸೆದ ಚೆಂಡು ಎಲ್ಲೆಲ್ಲೋ ಹೋಗುತ್ತಿತ್ತು, ಅದಕ್ಕೇ ಓಡಿಸಿದರು ಎಂದು ನಮ್ಮ ಪೆನ್ಸಿಲ್ವೇನಿಯಾದ ಈ ಗಣಿ ಊರಿನ ಗಂಡಸರು ಬಿಯರ್ ಹೀರುತ್ತಾ ಇವತ್ತಿಗೂ ಹೇಳುತ್ತಾರೆ. ಅವರ ಬಾಯಿಗೆ ಕಲ್ಲಿದ್ದಲು ತುರುಕಬೇಕು ಅನ್ನಿಸುತ್ತದೆ. ಹಿತ್ತಲ ಬೇಲಿಗೆ ಕಟ್ಟಿದ ಸೂಪಿನ ಡಬ್ಬಿಗೆ ಒಮ್ಮೆಯೂ ಗುರಿ ತಪ್ಪದೆ ಎಸೆಯುತ್ತಿದ್ದವನ ಕೈಗೆ ಹಿಡಿತವಿರಲಿಲ್ಲವಂತೆ!

ಆ ಮೂರನೆಯ ಆಟ ನೋಡಲು ಅಕ್ಕನಾದ ನಾನೂ ರೈಲು ಹತ್ತಿ ಹೋಗಿದ್ದೆ. ನಮ್ಮ ಆಟಗಾರರು ಕೂರುವ ಬೆಂಚಿನ ಹಿಂದೆಯೇ ಜಾಗ ಸಿಕ್ಕಿತ್ತು. ಎದುರಾಳಿ ಪಿಚರ್ ನಮ್ಮ ಬ್ಯಾಟರ್ ಒಬ್ಬನ ಬೆನ್ನಿಗೆ ಬೇಕೆಂದೇ ಚೆಂಡು ಬಾರಿಸಿದ. ಹಾಗಾದಾಗ ನಮ್ಮ ಪಿಚರ್ ಅವರಲ್ಲೊಬ್ಬನಿಗೆ ಬಾರಿಸಲೇಬೇಕು. ಯಾವ ನಿಯಮದಲ್ಲೂ ಇಲ್ಲ, ಆದರೆ ತಪ್ಪಿಸುವ ಧೈರ್ಯ ಯಾರಿಗೂ ಇಲ್ಲ. ಬಾರಿಸು ಎಂದವನ ಹೆಸರನ್ನು ಹೊರಗೆ ಹೇಳುವಂತೆಯೂ ಇಲ್ಲ.

ಮ್ಯಾನೇಜರ್ ಹಾರ್ಲನ್ ಟೀಗ್ ನನ್ನ ತಮ್ಮನ ಕೊರಳಪಟ್ಟಿ ಹಿಡಿದು ಹೇಳಿದ್ದನ್ನು ಈ ಕಿವಿಯಾರೆ ಕೇಳಿದ್ದೇನೆ.

"ಮೊದಲು ಬರ್ತಾನಲ್ಲ, ಅವನ ಪಕ್ಕೆಗೆ ಹಾಕು."

"ಅವನು ಬಗ್ಗಿ ನಿಲ್ತಾನೆ ಸರ್. ಮುಖಕ್ಕೆ ಬಿದ್ರೆ?"

"ಹೆದ್ರಿಕೆನಾ? ಹೋಗಿ ನಿಮ್ಮಮ್ಮನ ಮಡಿಲಲ್ಲಿ ಕೂತ್ಕೊ. ಬೆಳಗ್ಗೆ ನಿಮ್ಮೂರಿಗೆ ರೈಲಿದೆ."

ಎಮಿಲ್ ಪಕ್ಕೆಗೇ ಎಸೆದ. ಬ್ಯಾಟರ್ ಇನ್ನಷ್ಟು ಬಗ್ಗಿದ. ದವಡೆ ಮುರಿದ ಸದ್ದು ನನಗೂ ಕೇಳಿಸಿತು.

ಲೀಗಿನ ದೊಡ್ಡವರು ವಿಚಾರಣೆಗೆ ಕರೆದರು. ಯಾರಾದರೂ ಹೇಳಿ ಹಾಕಿಸಿದರೇ ಎಂದು ಕೇಳಿದರು. ತಂಡದಲ್ಲಿ ಅವನ ಜಾಗ ಉಳಿಯುವುದು ಆ ಒಂದು ಉತ್ತರದ ಮೇಲಿತ್ತು. "ಕೈ ಜಾರ್ತು ಸರ್" ಎಂದನಂತೆ ನಮ್ಮ ಮುಠ್ಠಾಳ. ಪಕ್ಕದಲ್ಲೇ ಕೂತಿದ್ದ ಟೀಗ್, "ಹುಡುಗ ಒಳ್ಳೆಯವ್ನೇ, ಕೈ ಮಾತ್ರ ಹಿಡಿತದಲ್ಲಿಲ್ಲ" ಎಂದು ಕನಿಕರ ಬೇರೆ ತೋರಿಸಿದನಂತೆ. ಥೂ! ಆ ವಾರವೇ ಎಮಿಲನನ್ನು ತಂಡದಿಂದ ತೆಗೆದುಹಾಕಿದ. ಬೇರೆ ಯಾರೂ ಕರೆಯಲಿಲ್ಲ. ನನ್ನ ತಮ್ಮ ಅಪ್ಪನ ಹಾಗೆ ಗಣಿಗೆ ಇಳಿದ.

ಹೋದ ಚಳಿಗಾಲದಲ್ಲಿ ಟೀಗ್ ಸತ್ತ. ನನಗೆ ದುಃಖವಾಗಲಿಲ್ಲ, ಸುಳ್ಳೇಕೆ ಹೇಳಲಿ. ಅವನ ಬಗ್ಗೆ ಬರೆಯಲು ಪತ್ರಿಕೆಯವನೊಬ್ಬ ಬಂದು ನಮ್ಮ ಅಡುಗೆಮನೆಯಲ್ಲಿ ಕೂತ. ಕೋಸಿನೆಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ್ದೆ, ಅವನಿಗೂ ಬಡಿಸಿದೆ.

"ಈಗ ಟೀಗ್ ಇಲ್ಲ. ನಿಜ ಹೇಳಿ ಹ್ರುಷ್ಕಾ ಅವ್ರೇ, ಅವರೇ ಹೇಳಿ ಹಾಕ್ಸಿದ್ದಾ?"

ಎಮಿಲ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಕೈ ಜಾರ್ತು."

ನನ್ನ ಪಿತ್ತ ನೆತ್ತಿಗೇರಿತು. "ಜಾರ್ಲಿಲ್ಲ! ಆ ದರಿದ್ರದವನು ಹೇಳಿದ್ದನ್ನ ನಾನೇ ಕೇಳಿದೀನಿ, ಬರ್ಕೊಳ್ಳಿ!"

ಎಮಿಲ್ ಮೇಜು ಗುದ್ದಿ ಎದ್ದ. ಹುಟ್ಟಿದಾಗಿನಿಂದ ನನ್ನ ಮುಂದೆ ದನಿ ಎತ್ತಿದವನಲ್ಲ.

"ಸುಮ್ನಿರಕ್ಕ! ಅದು ನಮ್ಮ ತಂಡದೊಳಗಿನ ಮಾತು. ನೀನು ಹೊರಗಿನವಳು."

ಪತ್ರಿಕೆಯವನು ಪೆನ್ನು ಜೇಬಿಗಿಟ್ಟ. ಎತ್ತಿ ಆಡಿಸಿದ ನಾನು ಹೊರಗಿನವಳಂತೆ. ಕತ್ತು ಹಿಡಿದು ದಬ್ಬಿದವರನ್ನು ಅವನು ಇನ್ನೂ ನಮ್ಮವರು ಅನ್ನುತ್ತಾನೆ.