ಆಳು ಉಂಡ ಮೇಲೆ

ಸಿಂಗಸಂದ್ರದ ಆ ಶೀಟಿನ ಮನೆಗಳ ಸಾಲು ಖಾಲಿ ಕೊಡಗಳ ಸದ್ದಿಗೆ ಎಚ್ಚರಾಗುತ್ತಿತ್ತು. ಐದೂವರೆಗೆ ನಲ್ಲಿ ಕೆಮ್ಮುತ್ತಿತ್ತು. ಅದಕ್ಕೂ ಮೊದಲೇ ಯಾರೋ ಪ್ಲಾಸ್ಟಿಕ್ ಕೊಡವನ್ನು ಸಿಮೆಂಟಿನ ಮೇಲೆ ಡಬ್ಬೆಂದು ಇಟ್ಟು ತಮ್ಮ ಪಾಳಿ ಸಾರುತ್ತಿದ್ದರು. ಮಹಾನಂದಾಳ ಕೊಡ ಯಾವತ್ತೂ ಮೊದಲ ಮೂರರೊಳಗೆ ಇರುತ್ತಿತ್ತು.

ಲಿಂಗಸುಗೂರು ಕಡೆಯ ಹೆಣ್ಣುಮಗಳು. ಹೊಸೂರು ರಸ್ತೆಯಲ್ಲಿ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ವರ್ಷ ಗಂಡ ಬಸಲಿಂಗನ ಜೊತೆ ಬಂದು ಎರಡು ವರ್ಷ ಜಲ್ಲಿ ಹೊತ್ತಳು. ಒಂದು ದಿನ ಮನೆ ಮಾಲೀಕ ದೇವರಾಜ್ ಅವರ ಹೆಂಡತಿ ಕೃಪಾ, "ನಮ್ಮತ್ತೇನ ನೋಡ್ಕೊಳ್ತೀಯೇನೆ?" ಎಂದು ಕೇಳಿದಾಗ ಬುಟ್ಟಿ ಕೆಳಗಿಟ್ಟು ಒಪ್ಪಿದಳು.

ಅತ್ತೆ ವಸಂತಮ್ಮನಿಗೆ ಮರೆವಿನ ಕಾಯಿಲೆ. ಹೆತ್ತ ಮಗನನ್ನೇ "ನೀವ್ಯಾರು ಸಾರ್?" ಎನ್ನುತ್ತಿದ್ದರು. ತಲೆ ಬಾಚುವಾಗ ಕನ್ನಡಿ ಮುಚ್ಚಬೇಕು, ಸ್ನಾನಕ್ಕೆ ಕರೆಯುವ ಮುಂಚೆ ಬಕೆಟ್ಟಿಗೆ ನೀರು ಸುರಿದು ಸದ್ದು ಕೇಳಿಸಬೇಕು ಎಂಬುದನ್ನೆಲ್ಲ ಮಹಾನಂದಾ ತಿಂಗಳೊಳಗೆ ಕಲಿತಳು.

ಊಟವೊಂದು ಸಾಗಲಿಲ್ಲ. ತಟ್ಟೆ ಇಟ್ಟರೆ ವಸಂತಮ್ಮ ಸರಿಸುವರು. ತುತ್ತು ಹಿಡಿದರೆ ತುಟಿ ಬಿಗಿಯುವರು. ಹೊತ್ತಿಗೊಂದು ಲೋಟ ಹಾಲು, ಅಷ್ಟೇ. ಕೈಬಳೆ ಮೊಣಕೈವರೆಗೂ ಜಾರತೊಡಗಿತು.

"ಇನ್ನೊಂದು ವಾರ ನೋಡೋಣ. ಹೀಗೇ ಆದ್ರೆ ಮೂಗಿಗೆ ಪೈಪ್ ಹಾಕ್ಬೇಕಾಗತ್ತೆ," ಎಂದರು ಡಾಕ್ಟರಮ್ಮ. "ಕಿತ್ಕೊಳ್ದಂಗೆ ಕೈ ಕಟ್ಟಬೇಕಾಗ್ಬಹುದು."

ಅಂದಿನಿಂದ ಮಹಾನಂದಾ ತಟ್ಟೆಯನ್ನು ಬಿಟ್ಟು ಮುದುಕಿಯ ಮುಖ ನೋಡತೊಡಗಿದಳು. ತಟ್ಟೆ ಸರಿಸುವ ಮುಂಚೆ ವಸಂತಮ್ಮ ಪ್ರತಿ ಸಲವೂ ಅಂಗಳದತ್ತ ಕತ್ತು ತಿರುಗಿಸಿ ಗೊಣಗುತ್ತಿದ್ದರು: "ಆಳು ಉಂಡ್ರಾ?" ಮನೆಯವರಿಗೆ ಅದು ಕೇಳಿ ಕೇಳಿ ಫ್ಯಾನಿನ ಸದ್ದಿನಂತಾಗಿತ್ತು.

"ಉಂಡಾರ್ರೀ ಯವ್ವಾ, ಎಲ್ಲಾರೂ ಉಂಡಾರ," ಎಂದಳು ಮಹಾನಂದಾ.

ವಸಂತಮ್ಮ ಅಂಗಳ ನೋಡಿದರು. ಎರಡು ಸ್ಕೂಟರು, ಒಂದು ಕಾರು. "ಸುಳ್ಳೇಳ್ಬ್ಯಾಡ ಕಣಮ್ಮಿ. ಉಂಡಿದ್ ಎಲೆ ಎಲ್ಲಿ?" ಎಂದು ತಟ್ಟೆ ನೂಕಿದರು.

ಮಹಾನಂದಾ ನೇರ ಕೃಪಾಳ ಬಳಿ ಹೋಗಿ ಕೇಳಿದಳು. ಬಾಡಿಗೆ ಮನೆಗಳಿರುವ ಜಾಗ ಹಿಂದೆ ರಾಗಿ ಹೊಲವಂತೆ. ಕುಯ್ಲಿಗೆ ಇಪ್ಪತ್ತು ಆಳು. ಆಳು ಉಂಡೇಳುವ ತನಕ ಮನೆಯೊಡತಿ ತನ್ನ ತಟ್ಟೆ ಮುಟ್ಟುತ್ತಿರಲಿಲ್ಲ. "ನಾನು ಮದುವೆಯಾಗಿ ಬಂದಾಗ ಮೊದಲು ಹೇಳ್ಕೊಟ್ಟಿದ್ದೇ ಅದು," ಎಂದಳು ಕೃಪಾ, ತಾನೂ ಈಗಷ್ಟೇ ನೆನಪಿಸಿಕೊಂಡವಳಂತೆ.

ಹಾಗಾದರೆ ಸಾಲುಮನೆಯವರನ್ನೇ ಅಂಗಳದಲ್ಲಿ ಕೂರಿಸಿ ಉಣಿಸೋಣ ಎಂದ ಮಹಾನಂದಾಳ ಮಾತಿಗೆ ದೇವರಾಜ್ ಒಪ್ಪಲಿಲ್ಲ. "ಬಾಡಿಗೆಯೋರ್ನ ಮನೆ ಮುಂದೆ ಸಾಲಾಗಿ ಕೂರ್ಸಿ ಇಕ್ಕೋದಾ? ನೋಡ್ದೋರು ನಾಟಕದ ಕಂಪ್ನಿ ಅಂತಾರೆ ಕಣಮ್ಮ."

"ಅನ್ಲಿ ಬಿಡ್ರೀ ಅಣ್ಣಾರ. ನಿಮ್ಮವ್ವಾರ ಕೈ ಕಟ್ಟಿ ಮೂಗಿನಾಗ ಪೈಪ್ ಇಟ್ಟಿದ್ದು ನೋಡಿದ ಮಂದಿ ಏನಂತಾರ, ಅದನ್ನೂ ಹೇಳಿಬಿಡ್ರಿ."

ದೇವರಾಜ್ ಕೀಲಿಗಳನ್ನು ತೆಗೆದುಕೊಂಡು ಹೋಗಿ ಕಾರನ್ನೂ ಸ್ಕೂಟರುಗಳನ್ನೂ ರಸ್ತೆಯಲ್ಲಿ ನಿಲ್ಲಿಸಿ ಬಂದರು. ಅಂಗಳ ಖಾಲಿಯಾಯಿತು.

ಮಧ್ಯಾಹ್ನ ಎಲ್ಲರೂ ಕೆಲಸದ ಮೇಲಿರುತ್ತಿದ್ದುದರಿಂದ ಬೆಳಗಿನ ಏಳು ಗಂಟೆ ಗೊತ್ತಾಯಿತು. ಬಸಲಿಂಗ, ಪಕ್ಕದ ಮನೆಯ ಯಂಕಪ್ಪ, ಅವನ ಹೆಂಡತಿ ಲಕ್ಷ್ಮವ್ವ ಎಲೆ ಮುಂದೆ ಕೂತರು. ಕೃಪಾ ಮುದ್ದೆ, ಬಸ್ಸಾರು ಬಡಿಸಿದಳು. ವಸಂತಮ್ಮನಿಗೆ ಬಾಗಿಲಲ್ಲಿ ಕುರ್ಚಿ ಹಾಕಿದ್ದರು. ಜೋಳದ ರೊಟ್ಟಿ ತಿಂದು ಬೆಳೆದ ಬಸಲಿಂಗ ಮುದ್ದೆಯನ್ನೂ ಅಗಿಯಲು ಹೋದ. ಹಲ್ಲಿಗೆಲ್ಲ ಮೆತ್ತಿಕೊಂಡಿತು.

"ಅಗೀಬ್ಯಾಡ ಕಣ್ಲಾ!" ವಸಂತಮ್ಮನ ದನಿ ಬೀದಿಗೂ ಕೇಳಿತು. "ನುಂಗ್ಲಾ! ಎಲ್ಲಿಂದ ಬಂದೆಯೋ, ಮುದ್ದೆ ಉಣ್ಣಾಕ್ಕೂ ಬರಾಕಿಲ್ಲ!"

"ರಾಯಚೂರು ಕಡಿಂದ್ರೀ ಯವ್ವಾ," ಎಂದ ಬಸಲಿಂಗ, ಕಷ್ಟಪಟ್ಟು ನುಂಗಿ.

"ಮಾನಂದಾ, ಮನ್ಯಾಗ ನೀ ಹೇಳಿದ್ದು ಒಂದೂ ಕೇಳಂಗಿಲ್ಲ ಅಂತಿದ್ದೆಲ್ಲಾ, ಇಲ್ಲಿ ನೋಡು ಹೆಂಗ ನುಂಗಾಕತ್ತಾನ!" ಎಂದಳು ಲಕ್ಷ್ಮವ್ವ. ಯಂಕಪ್ಪನಿಗೆ ನಗುವಿಗೆ ಸಾರು ನೆತ್ತಿಗೇರಿತು.

ಮೂರೂ ಎಲೆ ಖಾಲಿಯಾಗುವವರೆಗೆ ವಸಂತಮ್ಮ ಕಣ್ಣು ಕೀಳಲಿಲ್ಲ. ಆಮೇಲೆ ತೊಳೆಯಲು ಕೈ ಚಾಚಿದರು. ಅರ್ಧ ಮುದ್ದೆ ಒಳಗೆ ಇಳಿಯಿತು. ಇನ್ನಷ್ಟು ಸಾರು ತರುತ್ತೇನೆಂದು ಅಡುಗೆಮನೆಗೆ ಹೋದ ಕೃಪಾ ಹಿಂತಿರುಗಲು ಸ್ವಲ್ಪ ಹೊತ್ತು ಹಿಡಿಯಿತು.

ಸಾಲಿನ ಮನೆಗಳು ಊಟಕ್ಕೆ ಪಾಳಿ ಹಚ್ಚಿಕೊಂಡವು. ಎಲ್ಲ ದಿನವೂ ಒಂದೇ ಸಮವಿರಲಿಲ್ಲ. ವಸಂತಮ್ಮ ಎರಡೇ ತುತ್ತಿಗೆ ಎದ್ದದ್ದುಂಟು, ಯಂಕಪ್ಪನ ಮೇಲೆ ಲೋಟ ಎಸೆದದ್ದೂ ಉಂಟು. ಆದರೆ ವಾರ ಕಳೆದು ಮನೆಗೆ ಬಂದ ಡಾಕ್ಟರಮ್ಮ ತೂಕ ನೋಡಿದಾಗ ಮುಕ್ಕಾಲು ಕಿಲೋ ಏರಿತ್ತು. ಪೈಪಿನ ಮಾತನ್ನು ಅವರು ಎತ್ತಲಿಲ್ಲ. ಜಗಲಿಯಲ್ಲಿ ಕೂತು ನಡೆದದ್ದನ್ನೆಲ್ಲ ಕೇಳಿಸಿಕೊಂಡರು.

"ಶನಿವಾರ ಕ್ಲಿನಿಕ್ಕಿಗೆ ಬರ್ತೀಯಾಮ್ಮ? ಇಂಥೋರು ಇರೋ ಏಳೆಂಟು ಮನೆಯೋರು ಬರ್ತಾರೆ. ಅವ್ರಿಗೂ ಹೇಳು."

"ಬರ್ತೀನ್ರಿ. ನನಗ ಓದಾಕ ಬರಂಗಿಲ್ಲ, ಹೇಳಾಕೇನು, ಹೇಳ್ತೀನಿ. ಮೊದಲ, ಅವರು ಹಿಂದ ಏನು ದುಡದು ಬಾಳ್ವಿ ಮಾಡ್ಯಾರ ಅಂತ ಕೇಳ್ಬೇಕ್ರಿ. ಅದು ಗೊತ್ತಾದ್ಮ್ಯಾಲ..."

"ಏ ಅಮ್ಮಿ," ಎಂದು ಒಳಗಿನಿಂದ ವಸಂತಮ್ಮ ಕೂಗಿದರು, "ಒಟ್ಟೆ ಅಸೀತೈತೆ. ಇಕ್ಕು ಬಾ."

ಅವರು ಬಾಯಿಬಿಟ್ಟು ಊಟ ಕೇಳಿದ್ದು ಅದೇ ಮೊದಲು. ಮಹಾನಂದಾ ಎದ್ದಳು. "ಗೊತ್ತಾದ್ಮ್ಯಾಲ ಡಾಕ್ಟರಮ್ಮಾರ, ನೀವು ಏನು ಮಾಡ್ಬೇಕಂದ್ರ..." ಎನ್ನುತ್ತಲೇ ಸೆರಗು ಸಿಕ್ಕಿಸಿಕೊಂಡು ಒಳಗೆ ನಡೆದಳು.