ಉಳಿದವು

ಸಂಗೀತ ಸಭೆಯ ಟೇಪುಗಳ ಕೋಣೆ ಮೆಟ್ಟಿಲ ಕೆಳಗಿದೆ. ಮೇಲೆ ಸಭಾಂಗಣದಲ್ಲಿ ಚಪ್ಪಾಳೆ ಬಿದ್ದರೆ ಇಲ್ಲಿ ಕಪಾಟಿನ ಗಾಜು ಅದುರುತ್ತದೆ. ನನ್ನ ಸೋದರತ್ತೆಯ ಕೂದಲು ನರೆತದ್ದು ಈ ಕೋಣೆಯಲ್ಲೇ. ಟೇಪನ್ನು ಸುಮ್ಮನೆ ಇಟ್ಟರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದಕ್ಕಾಗಿ ಆಗಾಗ ಒಂದು ಚಕ್ರದಿಂದ ಇನ್ನೊಂದಕ್ಕೆ ಸುತ್ತಿಡಬೇಕು. ಊರು ಸುತ್ತುವ ಯೋಗವಿಲ್ಲದವಳಿಗೆ ದೇವರು ಇದನ್ನು ಕೊಟ್ಟ ಎಂದು ಅವಳೇ ನಗುತ್ತಾಳೆ.

ಸಭೆಯ ಅಧ್ಯಕ್ಷರಿಗೆ ಅವಳಿಟ್ಟ ಹೆಸರು ಮರೆವಿನ ಯಜಮಾನರು. ಹರೆಯದಲ್ಲಿ ಕಂಪ್ಯೂಟರ್ ಕಂಪನಿಯ ಶೇರು ಕೊಂಡು, ಏರಿದರೂ ಇಳಿದರೂ ಮಾರದೆ ಕೂತು ಸಿರಿವಂತರಾದವರು. ದುಡ್ಡು ಹಾಕಬೇಕು, ಮರೆಯಬೇಕು ಎಂಬುದೇ ಅವರ ಉಪದೇಶ. ಆ ಶೇರುಗಳನ್ನೆಲ್ಲ ಈಗ ಸಭೆಯ ಹೆಸರಿಗೆ ಬರೆದಿದ್ದರು. ಅವುಗಳ ಆದಾಯದಲ್ಲಿ ಮೊದಲು ಹಾಡುಗಳೆಲ್ಲ ಕಂಪ್ಯೂಟರಿಗೆ ಏರಬೇಕು, ಏರಿದ ಟೇಪುಗಳು ಗುಜರಿಗೆ ಹೋಗಿ ಕೋಣೆ ಖಾಲಿಯಾಗಬೇಕು ಎಂಬುದು ಅವರ ಅಪ್ಪಣೆ. ಅತ್ತೆಗೆ ತಲೆಬುಡ ತಿಳಿಯಲಿಲ್ಲ.

"ಮರೆತ್ರೆ ಬೆಳೆಯುತ್ತಂತೆ ಅವರ ಶೇರು. ನಾನು ಮರೆತ್ರೆ ಟೇಪು ಹಾಳಾಗುತ್ತೆ. ಯಾವುದನ್ನ ನಂಬೋದು ಹೇಳಣ್ಣ?" ಎಂದು ಊಟದ ಹೊತ್ತಿಗೆ ಅಪ್ಪನನ್ನು ಕೇಳಿದಳು. ನೀನು ನಂಬೋದೇನೂ ಬೇಡ, ಹೇಳಿದ ಗುಂಡಿ ಒತ್ತು ಎಂದು ಅಪ್ಪ ಮಜ್ಜಿಗೆಗೆ ಕೈಚಾಚಿದರು.

ಕೆಲಸ ಅರ್ಧವಾದಾಗ ಅತ್ತೆಗೆ ಜ್ವರ ಬಂತು. ರಜೆ ಹಾಕುವ ಮುನ್ನ, ಇನ್ನೂ ಕಂಪ್ಯೂಟರಿಗೆ ಏರದ ಟೇಪುಗಳಲ್ಲಿ ಹಿಡಿಸಿದಷ್ಟನ್ನು ಕಿಟಕಿಯ ಪಕ್ಕದ ಕಪಾಟಿನಲ್ಲಿ ಜೋಡಿಸಿ, 'ಉಳಿದವು' ಎಂದು ಚೀಟಿ ಅಂಟಿಸಿ ಬಂದಳು. ಅಷ್ಟರಲ್ಲಿ ಹಾಡುಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದ ಇಂಜಿನಿಯರ್ ಬದಲಾದರು. ಹೊಸಬರಿಗೆ ಉಳಿಸುವುದೆಂದರೆ ಕಂಪ್ಯೂಟರಿನಲ್ಲಿ ಉಳಿಸುವುದು; ಚೀಟಿ ಓದಿ, ಇವು ಆಗಲೇ ಏರಿವೆ ಎಂದುಕೊಂಡರು. ಆ ಕಪಾಟು ಪೂರ್ತಿ ಗುಜರಿಗೆ ಹೋಯಿತು.

"ಉಳಿದವು ಅಂತ ನೀವೇ ಬರ್ದಿದ್ರಲ್ಲ, ಮೇಡಂ?" ಎಂದರು ಅವರು, ಅತ್ತೆ ರಜೆ ಮುಗಿಸಿ ಬಂದಾಗ.

"ಉಳಿದವು ಅಂದ್ರೆ ಉಳಿದವು ಕಣಪ್ಪ."

"ನಾನೂ ಅದನ್ನೇ ಅಲ್ವಾ ಹೇಳ್ತಿರೋದು?"

ಗುಜರಿ ಅಂಗಡಿಗೆ ಅತ್ತೆಯ ಜೊತೆ ನಾನೂ ಹೋದೆ. ಅಧ್ಯಕ್ಷರು ನಮಗಿಂತ ಮೊದಲೇ ಬಂದು ನಿಂತಿದ್ದರು. ಅಂಗಡಿಯವರು ಚಕ್ರಗಳ ಲೋಹವನ್ನು ಬೇರ್ಪಡಿಸಿ, ಟೇಪನ್ನು ಮೂಲೆಗೆ ಎಸೆದಿದ್ದರು. ಕ್ಷೌರದಂಗಡಿಯ ನೆಲದ ಮೇಲಿನ ಕೂದಲಿನ ಹಾಗೆ ಬಿದ್ದಿತ್ತು. ಅತ್ತೆ ಒಂದೆಳೆ ಎತ್ತಿ ಬೆಳಕಿಗೆ ಹಿಡಿದಳು. ಯಾರ ಹಾಡೋ ಯಾವ ವರ್ಷದ್ದೋ, ನೋಡಿದರೆ ತಿಳಿಯುವಂಥದ್ದಲ್ಲ.

"ಈ ಕಂಪ್ಯೂಟರ್ ಕೆಲಸನ ಇಲ್ಲಿಗೇ ನಿಲ್ಲಿಸ್ಬಿಡೋಣ್ವೇನಮ್ಮ? ನೀವು ಹೇಗೆ ಹೇಳಿದ್ರೆ ಹಾಗೆ," ಎಂದರು ಅಧ್ಯಕ್ಷರು. ಅಷ್ಟು ವರ್ಷಗಳಲ್ಲಿ ಅವರು ಅವಳನ್ನು ಏನಾದರೂ ಕೇಳಿದ್ದು ಅದೇ ಮೊದಲು.

ನಿಲ್ಲಿಸಿ ಅನ್ನುತ್ತಾಳೆಂದೇ ನಾನು ಎಣಿಸಿದ್ದೆ. ಅತ್ತೆ ಎಳೆಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಳು. ಆಮೇಲೆ, "ನಡೀಲಿ ಬಿಡಿ," ಎಂದಳು. ಏರಿದ ಟೇಪುಗಳು ಮಾತ್ರ ಕೋಣೆಯಲ್ಲೇ ಇರಲಿ ಎಂದು ಕೇಳಿಕೊಂಡಳು. ಅವರು ಆಗಲಿ ಎಂದರು.

ದಾರಿಯಲ್ಲಿ ಯಾಕೆ ಹಾಗಂದೆ ಎಂದು ಕೇಳಿದೆ. "ಗೊತ್ತಿಲ್ಲ ಕಣೆ. ನನ್ನ ಕೈಯಲ್ಲೇ ಹೋಯ್ತಲ್ಲ, ಇನ್ನು ನನ್ನ ಕೈನೂ ಹೇಗೆ ನಂಬೋದು?"

ಮರುದಿನ ಇಂಜಿನಿಯರ್ ಕಂಪ್ಯೂಟರಿನಿಂದ ಒಂದು ಹಾಡು ಹಾಕಿದರು. ಕರಕರ ಸದ್ದಿಲ್ಲ, ಧ್ವನಿ ತೊಳೆದಿಟ್ಟ ಹಾಗಿತ್ತು. ಅತ್ತೆ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು. ಇನ್ನೊಮ್ಮೆ ಹಾಕಿಸಿಕೊಂಡಳು. ಆಮೇಲೆ ಇಂಜಿನಿಯರ್ ಕಡೆ ತಿರುಗಿ, "ಅದೇ ಹಾಡು ತಾನೇ ಇದು?" ಎಂದು ಕೇಳಿದಳು.

ಅವರು ಟೇಪಿನಲ್ಲಿದ್ದ ಹಳೆಯದನ್ನು ಕೇಳಿಯೇ ಇರಲಿಲ್ಲ.